ಹಿಂದಿನ ಹಲ್ಲುಗಳ ಪಾಲು

ಮಗಳ ಒಂದೇ ಒಂದು ಹಲ್ಲು ಹುಳುಕಾದರೂ ಅವಳನ್ನು ನಿಮ್ಮ ಮನೆಗೇ ಕಳಿಸಿಬಿಡುತ್ತೇನೆ ಎಂದು ಗಡಿಯಾರ ರಿಪೇರಿಯವನು ಅತ್ತೆಯ ಮುಂದೆ ಎದೆ ತಟ್ಟಿಕೊಂಡ. ಹೆಂಡತಿ ತೀರಿಕೊಂಡು ಎಂಟು ತಿಂಗಳಾಗಿತ್ತು. ಐದು ವರ್ಷದ ಕೂಸನ್ನು ಗಂಡಸೊಬ್ಬ ಸಾಕುವುದುಂಟೇ ಎಂದು ಅತ್ತೆ ಕೇಳಿದ್ದೇ ತಡ, ಈ ಘನಘೋರ ಪ್ರತಿಜ್ಞೆ ಹೊರಬಿತ್ತು.

ಮರುದಿನದಿಂದಲೇ ದಂತಯುದ್ಧ! ಚಾಕಲೇಟು ಗಡಿಪಾರಾಯಿತು. ಬಿಸ್ಕತ್ತಿನ ಡಬ್ಬ ಬೀರುವಿನ ನೆತ್ತಿಗೇರಿತು. ಬೆಳಿಗ್ಗೆ ಎರಡು ನಿಮಿಷ, ಊಟವಾದ ಮೇಲೆ ಎರಡು ನಿಮಿಷ. ಅಪ್ಪ ಸ್ಟಾಪ್‌ವಾಚ್ ಹಿಡಿದು ಬಚ್ಚಲುಮನೆಯ ಬಾಗಿಲಲ್ಲಿ ನಿಂತು "ಶುರು" ಎನ್ನುವನು, "ಸಾಕು" ಎನ್ನುವನು. ಒಂದು ಸೆಕೆಂಡು ಆಚೀಚೆಯಿಲ್ಲ. ಕನ್ನಡಿಯ ಪಕ್ಕದ ಲೋಟದಲ್ಲಿ ಈಗಲೂ ಮೂರು ಬ್ರಷ್ಷುಗಳಿದ್ದವು, ಒಂದು ಯಾವಾಗಲೂ ಒಣಗಿರುತ್ತಿತ್ತು. ಅತ್ತ ನೋಡದಿರಲು ಗಡಿಯಾರದ ಮುಳ್ಳೇ ಅವನಿಗೆ ಅನುಕೂಲ.

ಮೂರು ತಿಂಗಳಿಗೆ ಅತ್ತೆ ಬಂದರು, ಮೊಮ್ಮಗಳ ಬಟ್ಟೆಗೆಂದು ಖಾಲಿ ಚೀಲ ಹಿಡಿದೇ. ಮೂವರೂ ಹಲ್ಲಿನ ಡಾಕ್ಟರಮ್ಮನ ಬಳಿ ಹೋದರು. ಅಳಿಯನ ನಡಿಗೆಯಲ್ಲಿ ಪದಕ ತರಲು ಹೊರಟವನ ಠೀವಿ.

ಡಾಕ್ಟರಮ್ಮ ಪುಟ್ಟ ಕನ್ನಡಿ ಹಿಡಿದು ನೋಡಿ, ಮುಂದಿನ ಹಲ್ಲು ಮುತ್ತಿನಂತಿವೆ ಎಂದರು. ಅವನು ಅತ್ತೆಯ ಕಡೆ ನೋಡಿದ. ಹಿಂದಿನ ದವಡೆಹಲ್ಲು ನಾಲ್ಕು ಹುಳುಕಾಗಿವೆ ಎಂದರು. ಅತ್ತೆ ಅವನ ಕಡೆ ನೋಡಿದರು.

ಹಾಲುಹಲ್ಲು ತಾನೇ, ಹೇಗೂ ಬೀಳುತ್ತವಲ್ಲ ಎಂದು ಗೊಣಗಿದ. ಬೀಳುವವರೆಗೂ ಅವುಗಳಲ್ಲೇ ಅಗಿಯಬೇಕು, ಕೀವಾದರೆ ಕೆಳಗೆ ಕಾದಿರುವ ಹಲ್ಲಿಗೂ ಪೆಟ್ಟು, ಏಳೆಂಟು ವರ್ಷದವರೆಗೆ ದೊಡ್ಡವರೇ ಉಜ್ಜಬೇಕು ಎಂದು ಡಾಕ್ಟರಮ್ಮ ಪಾಠ ಮಾಡಿದರು. ಆಮೇಲೆ ಮಗುವಿನತ್ತ ಬಗ್ಗಿ, "ಹಿಂದುಗಡೆ ಯಾಕೆ ಉಜ್ಜಲ್ಲ ಪುಟ್ಟಿ?" ಎಂದರು.

"ಮುಂದಿಂದು ನಂದು, ಹಿಂದಿಂದು ಅಮ್ಮಂದು," ಎಂದಳು ಮಗಳು. "ನಂದು ಉಜ್ಜಿ ಆದ್ಮೇಲೆ ಬಾಯಿ ತೆಕ್ಕೊಂಡು ನಿಂತಿರ್ತೀನಿ. ಅಪ್ಪ ಸಾಕು ಅನ್ನೋವರೆಗೂ."

ಮನೆಗೆ ಬಂದವನೇ ಮಗಳ ಬಟ್ಟೆ ಮಡಿಸಿ ಚೀಲಕ್ಕೆ ತುಂಬತೊಡಗಿದ. ಕೊಟ್ಟ ಮಾತು ಕೊಟ್ಟದ್ದೇ. ಎರಡನೆಯ ಫ್ರಾಕನ್ನು ಮೂರು ಸಲ ಬಿಚ್ಚಿ ಮಡಿಸಿದ. ಅತ್ತೆ ಚೀಲ ಕಿತ್ತುಕೊಂಡರು.

"ಮೊದಲು ಅವಳ ಹಲ್ಲು ಉಜ್ಜಿ ಬನ್ನಿ ಅಳಿಯಂದ್ರೇ. ಚೀಲದ ಮಾತು ಆಮೇಲೆ."

ಅವನು ಬಚ್ಚಲಿನ ನೆಲದ ಮೇಲೆ ಮಂಡಿಯೂರಿದ. ಒಂದು ಕೈಯಲ್ಲಿ ಬ್ರಷ್ಷು, ಅಭ್ಯಾಸಬಲದಿಂದ ಇನ್ನೊಂದರಲ್ಲಿ ಸ್ಟಾಪ್‌ವಾಚು. ಮಗಳು ಬಾಯಿ ತೆರೆದಳು, ಆ ಗಡಿಯಾರ ಕಂಡು ಮತ್ತೆ ಮುಚ್ಚಿದಳು.

"ಅಪ್ಪಾ, ಗಡಿಯಾರ ಅಜ್ಜಿ ಕೈಗೆ ಕೊಡು. ನೀನು ನನ್ನ ನೋಡು."