ಮುಂದಿನ ಚಕ್ರ ಹಿಂದಕ್ಕೆ ತಿರುಗಿದ್ದು

ಕಣ್ಣೆದುರು ನಡೆಯುವುದನ್ನು ಸರಿಯಾಗಿ ನೋಡುವುದು ಅಪಾಯದ ಕೆಲಸ. ಅದು ಅಪಾಯವೆಂದು ನೋಡುವ ಹೊತ್ತಿಗೆ ತಿಳಿಯುವುದಿಲ್ಲ. ಬಸ್ಸಿನಲ್ಲಿ ಇಬ್ಬರು ಜಗಳವಾಡಿದರೆ ಬುದ್ಧಿ ಇದ್ದವರು ಕಿಟಕಿಯ ಹೊರಗೆ ನೋಡುತ್ತಾರೆ. ನಾನು ಜಗಳವನ್ನೇ ನೋಡುತ್ತೇನೆ. ಯಾರು ಮೊದಲು ಕೈ ಎತ್ತಿದರು, ಎತ್ತಿದ್ದು ಹೊಡೆಯುವುದಕ್ಕೋ ಮೇಲಿನ ಕಂಬಿ ಹಿಡಿಯುವುದಕ್ಕೋ ಎಂಬುದನ್ನು ಸಾವಕಾಶವಾಗಿ ಗಮನಿಸುತ್ತೇನೆ. ಇದೊಂದು ಒಳ್ಳೆಯ ಗುಣ ಎಂದು ಬಹಳ ಕಾಲ ನಂಬಿದ್ದೆ. ಉಪ್ಪಳದಲ್ಲಿ ನನ್ನದೊಂದು ಸಣ್ಣ ಕನ್ನಡಕದ ಅಂಗಡಿ ಇದೆ. ಬಂದವರ ಮೂಗಿನ ಮೇಲೆ ಒಂದು ಗಾಜು ಇಟ್ಟು, ಅದನ್ನು ತೆಗೆದು ಇನ್ನೊಂದು ಇಟ್ಟು, ಇದು ಸ್ಪಷ್ಟವೋ ಅದು ಸ್ಪಷ್ಟವೋ ಎಂದು ಕೇಳುವುದೇ ನನ್ನ ಉದ್ಯೋಗ. ಹೆಚ್ಚಿನವರು "ಎರಡೂ ಒಂದೇ, ಬೇಗ ಕೊಡಿ" ಎನ್ನುತ್ತಾರೆ. ಎರಡು ಗಾಜು ಎಂದಿಗೂ ಒಂದೇ ಆಗುವುದಿಲ್ಲ ಎಂದು ನಾನು ವಿವರಿಸಿ ಮುಗಿಸುವಷ್ಟರಲ್ಲಿ ಅವರ ಬಸ್ಸು ಹೋಗಿರುತ್ತದೆ. ಇಂಥ ನಾನು, ನನ್ನ ಹೆಂಡತಿಯ ತಮ್ಮ ಮತ್ತು ಅವನ ಗೆಳೆಯ ಸೇರಿ ಒಂದು ಹಳೆಯ ಕಾರಿಗೆ ಮಾಡಿದ ಶಸ್ತ್ರಚಿಕಿತ್ಸೆಗೆ ಏಕೈಕ ಸಾಕ್ಷಿಯಾದೆ.

ಕುಂಜತ್ತೂರಿನಲ್ಲಿ ನಮ್ಮ ಮನೆ ಒಂದು ಗುಡ್ಡದ ನೆತ್ತಿಯ ಮೇಲಿದೆ. ನಮ್ಮ ಮನೆ ಎಂದೆ. ಸರಿಯಾಗಿ ಹೇಳಬೇಕಾದರೆ ಅದು ನನ್ನ ಹೆಂಡತಿ ಲಿಲ್ಲಿಯ ತಂದೆ ಕಟ್ಟಿಸಿದ ಮನೆ. ಮದುವೆಯಾದ ಹೊಸತರಲ್ಲಿ ಒಂದು ಮಳೆಗಾಲ ಕಳೆಯಲೆಂದು ಅಲ್ಲಿಗೆ ಹೋದವನು ನಾನು, ಇನ್ನೂ ಹೊರಟಿಲ್ಲ. ಮಾವನವರಿಗೆ ಜೀವನದಲ್ಲಿ ಒಂದೇ ಒಂದು ಚಟವಿತ್ತು, ಅದು ಅವರ ಬಿಳಿ ಕಾಂಟೆಸ್ಸಾ ಕಾರು. ಉದ್ದ ಬಾನೆಟ್ಟು, ಅಗಲ ಮೂತಿ, ನಿಂತಲ್ಲೇ ಗುರುಗುಟ್ಟುವ ಸ್ವಭಾವ. ವಿದೇಶಗಳಲ್ಲಿ ಇಂಥ ತೋಳ್ಬಲದ ಕಾರುಗಳಿಗೆ ಮಸಲ್ ಕಾರು ಎಂಬ ಹೆಸರಿದೆಯಂತೆ. ನಮ್ಮ ಊರಿಗೆ ಇದ್ದದ್ದು ಇದೊಂದೇ. ಆದರೆ ಅದರ ಬಲವೆಲ್ಲ ಹಿಂದಿನ ಚಕ್ರಗಳಿಗೆ. ಗುಡ್ಡದ ಬುಡದಿಂದ ನಮ್ಮ ಮನೆಗೆ ಏರುವ ಚಡಾವಿನ ಕೆಂಪು ಮಣ್ಣು ಸ್ವಲ್ಪ ಒದ್ದೆಯಾದರೂ ಸಾಕು, ಹಿಂದಿನ ಚಕ್ರಗಳು ನಿಂತಲ್ಲೇ ಸುತ್ತಿ, ಕಾರು ಸೊಂಟ ಆಡಿಸುತ್ತ ಕೆಳಗೆ ಬರುತ್ತಿತ್ತು. ಹಾಗಾಗಿ ಅದು ತನ್ನ ಆಯುಷ್ಯವನ್ನೆಲ್ಲ ಗುಡ್ಡದ ಬುಡದ ಶೆಡ್ಡಿನಲ್ಲಿ ಕಳೆಯಿತು. ಮಾವನವರು ಕೋಟು ಹಾಕಿಕೊಂಡು, ಬೂಟನ್ನು ಕೈಯಲ್ಲಿ ಹಿಡಿದು, ಬರಿಗಾಲಿನಲ್ಲಿ ಚಡಾವು ಇಳಿದು ಹೋಗಿ ಕಾರಿನಲ್ಲಿ ಕೂತು ಬೂಟು ಹಾಕಿಕೊಳ್ಳುತ್ತಿದ್ದರು. ತನ್ನ ಕಾರು ತನ್ನ ಅಂಗಳದಲ್ಲಿ ನಿಂತದ್ದನ್ನು ನೋಡದೆಯೇ ಅವರು ತೀರಿಕೊಂಡರು.

ಲಿಲ್ಲಿಯ ತಮ್ಮ ಡೆನಿಸ್ ಗಲ್ಫಿನಿಂದ ವಾಪಸು ಬಂದದ್ದು ಸಂತೋಷದ ಸಂದರ್ಭದಲ್ಲಲ್ಲ. ಅವನು ದುಡಿಯುತ್ತಿದ್ದ ಕಂಪೆನಿ ಮುಚ್ಚಿತ್ತು. ಜಗಲಿಯಲ್ಲಿ ಕೂತು ಮೊಬೈಲು ನೋಡುವುದು, ಅದರ ಬ್ಯಾಟರಿ ಮುಗಿದರೆ ಬರೇ ಗೋಡೆ ನೋಡುವುದು, ಇದೇ ಅವನ ದಿನಚರಿಯಾಗಿತ್ತು. ಅವನನ್ನು ಎಬ್ಬಿಸಿದ್ದು ಅದ್ದು. ಉಪ್ಪಳದ ಒಳರಸ್ತೆಯಲ್ಲಿ ಜೀಪು ರಿಪೇರಿ ಮಾಡುವ ಅದ್ದು ಮತ್ತು ಡೆನಿಸ್ ಶಾಲೆಯಲ್ಲಿ ಒಂದೇ ಬೆಂಚಿನವರು. ಡೆನಿಸ್ ನನ್ನನ್ನು ಭಾವ ಎಂದು ಕರೆಯುವುದರಿಂದ ಅದ್ದುವಿಗೂ ನಾನು ಭಾವನೇ. ಅವರಿಬ್ಬರೂ ಶೆಡ್ಡಿನಲ್ಲಿ ಆ ಕಾರಿನ ಎದುರು ಕೂತು ಒಂದು ತೀರ್ಮಾನಕ್ಕೆ ಬಂದರು. ಜೀಪಿನ ಭಾಗಗಳನ್ನು ತಂದು ಜೋಡಿಸಿ ಕಾಂಟೆಸ್ಸಾದ ನಾಲ್ಕೂ ಚಕ್ರಗಳಿಗೆ ಬಲ ಕೊಡುವುದು. ಅದನ್ನು ಚಡಾವು ಹತ್ತಿಸಿ ಅಂಗಳಕ್ಕೆ ತರುವುದು. ಹತ್ತಿದರೆ ಇಬ್ಬರೂ ಸೇರಿ ಹೈವೇ ಬದಿಯಲ್ಲಿ ಒಂದು ವರ್ಕ್‌ಶಾಪು ತೆರೆಯುವುದು. ಇಂಥ ಬದಲಾವಣೆ ಮಾಡಿದ ಕಾರನ್ನು ಸರಕಾರಿ ರಸ್ತೆಗೆ ಇಳಿಸಿದರೆ ಹಿಡಿಯುತ್ತಾರೆ ಎಂದು ನಾನು ಹೇಳಿದೆ. "ರಸ್ತೆಗೆ ಯಾರು ತರ್ತಾರೆ ಭಾವ? ನಮ್ಮ ಗುಡ್ಡ, ನಮ್ಮ ಕಾರು" ಎಂದ ಡೆನಿಸ್. ಮರುದಿನ ಅವನು ಗಡ್ಡ ತೆಗೆದ. ಲಿಲ್ಲಿ ಅಡುಗೆಮನೆಯಲ್ಲಿ ನನ್ನನ್ನು ಹಿಡಿದು ನಿಲ್ಲಿಸಿ, "ಕಾರು ಹತ್ತದಿದ್ರೆ ಈ ಹುಡುಗ ಪುನಃ ಏಳ್ಲಿಕ್ಕಿಲ್ಲ. ನೀವು ಹೋಗಿ ಸ್ವಲ್ಪ ನೋಡಿಕೊಳ್ಳಿ" ಎಂದಳು. ನೋಡುವ ಕೆಲಸ ಅಲ್ಲವೇ? ಒಪ್ಪಿದೆ.

ಭಾನುವಾರಗಳಲ್ಲಿ ಕಾರಿನ ಕೆಳಗೆ ಟಾರ್ಚು ಹಿಡಿಯುವುದು ನನ್ನ ಪಾಲಿಗೆ ಬಂತು. ನನಗೆ ಅರ್ಥವಾದಷ್ಟನ್ನು ಹೇಳುತ್ತೇನೆ. ಇಂಜಿನ್ನಿನ ಬಲವನ್ನು ಹಿಂದಕ್ಕೂ ಮುಂದಕ್ಕೂ ಹಂಚುವ ಒಂದು ಪೆಟ್ಟಿಗೆ ಬೇಕು. ಅದನ್ನು ಅವರು ಬಾಕ್ಸು ಎನ್ನುತ್ತಿದ್ದರು. ಆ ಬಲವನ್ನು ಪಡೆದು ಮುಂದಿನ ಚಕ್ರಗಳನ್ನು ತಿರುಗಿಸುವ ಒಂದು ಆಕ್ಸಲ್ ಬೇಕು. ಆಕ್ಸಲಿನ ನಡುವೆ, ಆದರೆ ಸರಿಯಾಗಿ ನಡುವೆ ಅಲ್ಲ, ಒಂದು ಬದಿಗೆ, ಗೇರು ತುಂಬಿದ ಕಬ್ಬಿಣದ ಉಂಡೆ ಇರುತ್ತದೆ. ಬಾಕ್ಸು ಒಂದು ಗುಜರಿಯಿಂದ ಬಂತು, ಆಕ್ಸಲ್ ಇನ್ನೊಂದು ಗುಜರಿಯಿಂದ. ಬಾಕ್ಸಿನ ಬಾಯಿ ಎಡಕ್ಕಿತ್ತು, ಆಕ್ಸಲಿನ ಉಂಡೆ ಬಲಕ್ಕಿತ್ತು. ಬಾಕ್ಸಿನ ಬಾಯಿಯಿಂದ ಉಂಡೆಗೆ ಬಲ ಒಯ್ಯುವ ರಾಡು ಎರಡರ ನಡುವೆ ಕೂರುವುದಿಲ್ಲ. ಇಬ್ಬರೂ ಬಹಳ ಹೊತ್ತು ಸರಪಳಿಯಲ್ಲಿ ತೂಗುತ್ತಿದ್ದ ಆ ಆಕ್ಸಲನ್ನು ನೋಡಿದರು. ಆಗ ನಡೆದದ್ದು ಇಷ್ಟು. ಡೆನಿಸ್ "ಅಡಿಮೇಲು ತಿರುಗಿಸಿದ್ರೆ ಉಂಡೆ ಎಡಕ್ಕೆ ಬರ್ತದಲ್ವಾ?" ಎಂದ. ಅದ್ದು "ಬರ್ತದೆ" ಎಂದ. ಹೀಗೆಂದು ಎದ್ದು, ಆಕ್ಸಲನ್ನು ಮಗುಚಿದ. ಉಂಡೆ ಎಡಕ್ಕೆ ಬಂತು. ಇಬ್ಬರೂ ಕೈ ಕುಲುಕಿದರು. ನಾನು ಟಾರ್ಚು ಆರಿಸಿದೆ.

ಅಡಿಮೇಲಾದ ಆಕ್ಸಲಿನಲ್ಲಿ ಚಕ್ರಗಳು ವಿರುದ್ಧ ದಿಕ್ಕಿಗೆ ತಿರುಗುತ್ತವೆ ಎಂಬ ವಿಷಯ ಆ ಶೆಡ್ಡಿನಲ್ಲಿದ್ದ ಯಾರಿಗೂ ಹೊಳೆಯಲಿಲ್ಲ.

ಶೆಡ್ಡಿನಿಂದ ಗೇಟಿನವರೆಗಿನ ಸಮತಟ್ಟಿನಲ್ಲಿ ಕಾರು ಚೆನ್ನಾಗಿ ಓಡಿತು. ಓಡದೆ ಏನು, ಮುಂದಿನ ಚಕ್ರಗಳಿಗೆ ಬಲ ಕೊಡುವ ಸಣ್ಣ ಲಿವರನ್ನು ಅಲ್ಲಿ ಎಳೆದಿರಲಿಲ್ಲ. ಅದನ್ನು ಚಡಾವಿಗೆಂದು ಉಳಿಸಿಕೊಂಡಿದ್ದರು. ಮಳೆ ಬಂದು ಬಿಟ್ಟ ಒಂದು ಬೆಳಗ್ಗೆ, ಲಿಲ್ಲಿ ಮೇಲೆ ಅಂಗಳದ ಅಂಚಿನಲ್ಲಿ ನಿಂತು ನೋಡುತ್ತಿರುವಾಗ, ನಾವು ಹೊರಟೆವು. ಡೆನಿಸ್ ಚಾಲಕನ ಸೀಟಿನಲ್ಲಿ, ಅದ್ದು ಪಕ್ಕದಲ್ಲಿ, ನಾನು ಹಿಂದೆ. ನನ್ನನ್ನು ಕೂರಿಸಿದ್ದು ಗೌರವಕ್ಕಲ್ಲ, ಭಾರಕ್ಕೆ. ಚಡಾವಿನ ಅರ್ಧದಲ್ಲಿ ಹಿಂದಿನ ಚಕ್ರ ಜಾರತೊಡಗಿತು. "ಈಗ ಎಳಿ" ಎಂದ ಅದ್ದು. ಡೆನಿಸ್ ಲಿವರು ಎಳೆದ.

ಕಾರು ನಿಂತಿತು. ಇಂಜಿನ್ನು ನಿಲ್ಲಲಿಲ್ಲ. ಕಾರು ಬೆನ್ನು ಬಿಲ್ಲಾಗಿಸಿದ ಬೆಕ್ಕಿನ ಹಾಗೆ ನಡುವಿನಲ್ಲಿ ಮೇಲೆದ್ದಿತು. ಅಥವಾ ಹಾಗೆಂದು ನನ್ನ ಬೆನ್ನಿಗೆ ಅನ್ನಿಸಿತು. ನಾನು ಕಿಟಕಿಯಿಂದ ತಲೆ ಹೊರಗೆ ಹಾಕಿ ನೋಡಿದೆ. ಹಿಂದಿನ ಚಕ್ರ ಮಣ್ಣನ್ನು ಹಿಂದಕ್ಕೆ ಎಸೆಯುತ್ತಿತ್ತು. ಮುಂದಿನ ಚಕ್ರ ಮುಂದಕ್ಕೆ ಎಸೆಯುತ್ತಿತ್ತು. ಮತ್ತೊಮ್ಮೆ ನೋಡಿ ಖಚಿತ ಮಾಡಿಕೊಂಡು ಹೇಳಿದೆ, "ಡೆನಿ, ಮುಂದಿನ ಚಕ್ರ ಹಿಂದಕ್ಕೆ ತಿರುಗ್ತಾ ಉಂಟು."

"ಭಾವ, ತಲೆ ಒಳಗೆ ಹಾಕಿ!"

"ಹಾಕ್ತೇನೆ. ಆದ್ರೆ ತಿರುಗ್ತಾ ಉಂಟು."

"ಆಕ್ಸಿಲೇಟರ್ ಕೊಡು ಮಾರಾಯ, ಬಿಡ್ಬೇಡ!" ಎಂದು ಅದ್ದು ಕೂಗಿದ. ಡೆನಿಸ್ ಕೊಟ್ಟ. ಕಾರಿನ ಹೊಟ್ಟೆಯಲ್ಲಿ ಏನೋ ಸಿಡಿದ ಸದ್ದಾಯಿತು. ಆಮೇಲೆ ನಾವು ಬಹಳ ಮರ್ಯಾದೆಯಿಂದ, ಯಾವ ಅವಸರವೂ ಇಲ್ಲದೆ, ಹಿಂದಕ್ಕೆ ಜಾರಿದೆವು. ಮೇಲೆ ನಿಂತಿದ್ದ ಲಿಲ್ಲಿ ಸಣ್ಣವಳಾಗುತ್ತ ಹೋದಳು. ಶಿಲುಬೆಯ ಗುರುತು ಹಾಕಿಕೊಳ್ಳಲು ಎತ್ತಿದ ನನ್ನ ಕೈ ಹಣೆಯನ್ನು ಮುಟ್ಟಿ ಎದೆಗೆ ಬರುವಷ್ಟರಲ್ಲಿ ಕಾರಿನ ಹಿಂಭಾಗ ಕಂಪೌಂಡಿನ ಕೆಂಪುಕಲ್ಲಿನ ಗೋಡೆಗೆ ಒರಗಿತು. ಯಾರಿಗೂ ಗಾಯವಾಗಲಿಲ್ಲ. ಗಾಯವಾದದ್ದು ಅನಂತರ.

ಅದ್ದು ಜಾಕು ಕೊಟ್ಟು ಕಾರನ್ನು ಎತ್ತಿ ಕೆಳಗೆ ನೋಡಿದ. ಡೆನಿಸನೂ ನೋಡಿದ. ಇಬ್ಬರಿಗೂ ಒಟ್ಟಿಗೇ ಅರ್ಥವಾಯಿತು.

"ಯಾರು ಇದನ್ನು ಮಗುಚಿದ್ದು?" ಎಂದ ಡೆನಿಸ್.

"ಯಾರು ಅಂದ್ರೆ ಎಂತ? ತಿರುಗಿಸ್ಲಿಕ್ಕೆ ಹೇಳಿದ್ದು ನೀನಲ್ವಾ?"

"ನಾನು ಕೇಳಿದ್ದು ಮಾರಾಯ, ಹೇಳಿದ್ದಲ್ಲ. ಮೆಕ್ಯಾನಿಕ್ ನೀನಾ, ನಾನಾ?"

"ಹೌದೌದು. ಅಲ್ಲಿ ಗಲ್ಫಿನ ಮರಳಲ್ಲಿ ಇಡೀ ಗಾಡಿ ಬಿಚ್ಚಿ ಕಟ್ಟಿದವ ನೀನು ಅಂತ ದಿನಾ ಕಥೆ ಹೇಳ್ತಿ. ಬಿಚ್ಚಿದ್ದಾ, ಬರೇ ತೊಳೆದದ್ದಾ?"

ಡೆನಿಸ್ ಗಲ್ಫಿನಲ್ಲಿ ಮೊದಲು ಸೇರಿದ್ದು ಗಾಡಿ ತೊಳೆಯುವ ಕೆಲಸಕ್ಕೆ. ಅದನ್ನು ಅವನು ಅಕ್ಕನಿಗೂ ಹೇಳಿರಲಿಲ್ಲ, ಅದ್ದುವಿಗೆ ಮಾತ್ರ ಹೇಳಿದ್ದ. ಈಗ ನನಗೂ ತಿಳಿಯಿತು. ಡೆನಿಸ್ ಚಡಾವು ಹತ್ತಿ ಹೋಗಿ ಜಗಲಿಯಲ್ಲಿ ಕೂತ. ಅದ್ದು ಸ್ಪಾನರುಗಳನ್ನು ಚೀಲಕ್ಕೆ ತುಂಬಿಕೊಂಡು ಹೋದ. ನಾನು ನಡುವೆ ನಿಂತೆ, ಒಂದು ಕಾಲಿಗೆ ಮಾತ್ರ ಚಪ್ಪಲಿ ಇತ್ತು, ಇನ್ನೊಂದು ಕಾರಿನೊಳಗೆ ಉಳಿದಿತ್ತು.

ಡೆನಿಸ್ ಪುನಃ ಗೋಡೆ ನೋಡತೊಡಗಿದ. ಗಂಜಿ ತಂದಿಟ್ಟರೆ ಹಾಗೆಯೇ ಆರುತ್ತಿತ್ತು. ಅಂಗಡಿಯಲ್ಲಿ ಅದ್ದು ಸಿಕ್ಕಿದರೆ "ಭಾವ, ನೀವು ನೋಡಿದವರಲ್ವಾ? ಅವನಿಗೆ ಹೇಳಿ" ಎನ್ನುತ್ತಿದ್ದ. ಮನೆಗೆ ಬಂದರೆ ಡೆನಿಸ್ ಅದನ್ನೇ ಹೇಳುತ್ತಿದ್ದ. "ಹೇಳಿಬಿಡಿ ಒಮ್ಮೆ, ಒಂದು ಕಡೆ ಆಗ್ಲಿ" ಎಂದು ಲಿಲ್ಲಿ. ಆದರೆ ಏನೆಂದು ಹೇಳಲಿ? ತಪ್ಪು ಇವನದು ಎಂದರೆ ಅವನು ಉಳಿಯುತ್ತಾನೆ, ಸ್ನೇಹ ಉಳಿಯುವುದಿಲ್ಲ. ಇಬ್ಬರದೂ ಎಂದರೆ ಇಬ್ಬರೂ ನನ್ನ ಮೇಲೆ ಬೀಳುತ್ತಾರೆ. ಡೆನಿಸ್ ನಿಜವಾಗಿ ಕೇಳಿದ್ದ, ಹೇಳಿರಲಿಲ್ಲ. ಅದ್ದು ನಿಜವಾಗಿ ಕೇಳಿದ್ದಕ್ಕೆ ಉತ್ತರ ಕೊಟ್ಟು ಆಮೇಲೆ ತಿರುಗಿಸಿದ್ದ. ಈ ಸತ್ಯವನ್ನು ಎಲ್ಲಿ ತುಂಡು ಮಾಡಿದರೂ ಯಾರಿಗಾದರೂ ತಾಗುತ್ತದೆ. ತುಂಡು ಮಾಡದೆ ಪೂರ್ತಿ ಹೇಳಬೇಕು ಎಂದು ನಾನು ನಿಶ್ಚಯಿಸಿದೆ.

ಅವಕಾಶ ಬಂದದ್ದು ಜಾಕಿನಿಂದ. ಅದ್ದುವಿಗೆ ಅವನ ಜಾಕು ಬೇಕಾಗಿತ್ತು. ಅದು ಕಾರಿನ ಕೆಳಗಿತ್ತು. ಒಬ್ಬರು ಕಲ್ಲು ಕೊಟ್ಟು ಚಕ್ರ ತಡೆಯದೆ ಇನ್ನೊಬ್ಬರು ಅದನ್ನು ತೆಗೆಯುವಂತಿರಲಿಲ್ಲ. ಡೆನಿಸ್ ಕಲ್ಲು ಹಿಡಿದು ನಿಂತ. ಮಾತೆಲ್ಲ ನನ್ನ ಮೂಲಕ.

"ಭಾವ, ಅವನಿಗೆ ಹೇಳಿ, ಕಲ್ಲು ಸರಿ ಇಡ್ಲಿಕ್ಕೆ."

"ಭಾವ, ಇಟ್ಟಾಗಿದೆ ಅಂತ ಹೇಳಿ. ಮಗುಚಿ ಇಡ್ಲಿಲ್ಲ ಅಂತಲೂ ಹೇಳಿ."

ಅದ್ದು ಎದ್ದು ನಿಂತ. "ಆಯ್ತು. ಇವತ್ತೇ ಆಗ್ಲಿ. ಭಾವ, ಆ ದಿನ ಎಂತ ಆದದ್ದು, ಕಂಡದ್ದನ್ನು ಹೇಳಿ."

ನಾನು ಗಂಟಲು ಸರಿ ಮಾಡಿಕೊಂಡೆ. "ಆ ದಿನ ಬೆಳಗ್ಗೆ ಮೋಡ ಇತ್ತು. ಅದ್ದು ನಡೆದುಕೊಂಡು ಬಂದ."

"ಸ್ಕೂಟರಲ್ಲಿ ಬಂದದ್ದು ಭಾವ."

"ಅಲ್ಲ," ಎಂದ ಡೆನಿಸ್, ನನಗಲ್ಲ, ನೇರವಾಗಿ ಅದ್ದುವಿಗೆ. "ನಿನ್ನ ಸ್ಕೂಟರ್ ಆ ದಿನ ಪಂಕ್ಚರ್. ಹೈವೇಯಿಂದ ನಡೆದು ಬಂದದ್ದು ನೀನು."

"ಹೌದಾ? ಹೌದು ಮಾರಾಯ. ಹಾಂ, ಮತ್ತೆ?"

"ಸರಪಳಿಗೆ ಎಣ್ಣೆ ಹಾಕಿದ್ದು ಡೆನಿಸ್. ಎಣ್ಣೆ ಹಾಕಿದ ಬಟ್ಟೆ ಮೊದಲು ಲಿಲ್ಲಿಯ ಹಳೆ ನೈಟಿ ಆಗಿತ್ತು. ಹೂವಿನದ್ದು."

"ಭಾವ, ಆಕ್ಸಲಿಗೆ ಬನ್ನಿ."

"ಬರ್ತೇನೆ. ಅದಕ್ಕೆ ಮೊದಲು ಟಾರ್ಚು ನನ್ನ ಯಾವ ಕೈಯಲ್ಲಿತ್ತು ಅಂತ ಹೇಳ್ಬೇಕು. ಯಾಕಂದ್ರೆ ನೆರಳು ಯಾವ ಬದಿಗೆ ಬಿದ್ದಿತ್ತು ಅಂತ ಗೊತ್ತಾಗದಿದ್ರೆ, ಉಂಡೆ ಬಲಕ್ಕೆ ಇದ್ದದ್ದು ನನಗೆ ಹೇಗೆ ಕಂಡಿತು ಅಂತ ನೀವು ಕೇಳ್ಬಹುದು."

"ಯಾರೂ ಕೇಳುದಿಲ್ಲ!" ಇಬ್ಬರೂ ಒಟ್ಟಿಗೇ ಕೂಗಿದರು.

"ಕೇಳಿದ್ರೆ ಅಂತ. ಟಾರ್ಚು ಮೊದಲು ಎಡಗೈಯಲ್ಲಿತ್ತು. ಆಮೇಲೆ ಒಂದು ಕೆಂಪಿರುವೆ..."

ಅದ್ದು ತಲೆಯ ಮೇಲೆ ಕೈ ಇಟ್ಟುಕೊಂಡ. "ಡೆನಿ, ಇವರ ಅಂಗಡಿಗೆ ಕಣ್ಣು ತೋರಿಸ್ಲಿಕ್ಕೆ ಹೋದವರು ವಾಪಸು ಬರುವಾಗ ಮುದುಕರಾಗಿ ಬರ್ತಾರಾ ಎಂತ?"

ಡೆನಿಸ್ ನಕ್ಕ. ನಗಬಾರದೆಂದು ಬಾಯಿ ಬಿಗಿ ಹಿಡಿದ, ಆದರೂ ನಗು ಮೂಗಿನಿಂದ ಬಂತು. ಅದ್ದುವೂ ನಕ್ಕ. ನಾನು ನಗಲಿಲ್ಲ, ಇನ್ನೂ ಇರುವೆಯ ಹತ್ತಿರವೇ ಇದ್ದೆ.

"ಅಲ್ಲಿ ನಾನು ತೊಳೆದದ್ದು ಹೌದು," ಎಂದ ಡೆನಿಸ್ ನಗು ನಿಂತ ಮೇಲೆ. "ಆಮೇಲೆ ಬಿಚ್ಚಿದ್ದೂ ಹೌದು."

"ಗೊತ್ತುಂಟು ಮಾರಾಯ. ನನ್ನ ನಾಲಿಗೆ ಹಾಳು," ಎಂದ ಅದ್ದು. "ಭಾವ, ಒಂದು ಉಪಕಾರ ಮಾಡಿ. ಮೇಲೆ ಹೋಗಿ ಸ್ವಲ್ಪ ಚಹಾ ಮಾಡಿಸಿ ತನ್ನಿ."

ನಾನು ಹೋಗಿ ಲಿಲ್ಲಿಗೆ ನಡೆದದ್ದನ್ನು ಹೇಳಿದೆ. ಬೇಕೆಂದೇ ಹಾಗೆ ಎಳೆದು ಇಬ್ಬರನ್ನೂ ಒಂದು ಮಾಡಿದಿರಿ, ನಿಮಗೆ ಬುದ್ಧಿ ಉಂಟು ಎಂದು ಲಿಲ್ಲಿ ಮೊದಲ ಬಾರಿಗೆ ನನ್ನನ್ನು ಹೊಗಳಿದಳು. ನಾನು ಎಳೆದದ್ದಲ್ಲ, ಹೇಳುತ್ತಿದ್ದದ್ದು ಎಂದು ತಿದ್ದಬೇಕೆನ್ನಿಸಿತು. ತಿದ್ದಲಿಲ್ಲ. ಚಹಾ ಹಿಡಿದು ಇಳಿದು ಬರುವಾಗ ಕಾರಿನ ಅಡಿಯಿಂದ ಎರಡು ಜೊತೆ ಕಾಲುಗಳು ಹೊರಗೆ ಚಾಚಿದ್ದವು, ಮಾತು ಜೋರಾಗಿ ನಡೆದಿತ್ತು. ತೀರ್ಮಾನವೂ ಆಗಿಹೋಗಿತ್ತು. ಆಕ್ಸಲನ್ನು ಅದು ಹುಟ್ಟಿದ ಹಾಗೆಯೇ ಇಡುವುದು, ಬಾಯಿ ಬಲಕ್ಕಿರುವ ಬೇರೆ ಬಾಕ್ಸು ಹುಡುಕುವುದು.

ಹುಡುಕಿದರು, ಜೋಡಿಸಿದರು. ಇನ್ನೊಂದು ಒದ್ದೆ ಬೆಳಗ್ಗೆ ಮಾವನವರ ಕಾಂಟೆಸ್ಸಾ ನಾಲ್ಕು ಚಕ್ರಗಳನ್ನೂ ಒಂದೇ ಕಡೆಗೆ ತಿರುಗಿಸುತ್ತ ಚಡಾವು ಹತ್ತಿ ಬಂದು ಅಂಗಳದಲ್ಲಿ ನಿಂತಿತು. ಲಿಲ್ಲಿ ಸೆರಗಿನಿಂದ ಅದರ ಬಾನೆಟ್ಟಿನ ಮೇಲಿನ ಕೆಸರು ಒರೆಸಿದಳು. ಒರೆಸಿ ಮುಗಿದ ಮೇಲೂ ಸ್ವಲ್ಪ ಹೊತ್ತು ಒರೆಸುತ್ತಲೇ ಇದ್ದಳು.

ವರ್ಕ್‌ಶಾಪು ಈ ತಿಂಗಳು ತೆರೆಯುತ್ತದೆ. ಬೋರ್ಡು ಮಾತ್ರ ಇನ್ನೂ ಬರೆಸಿಲ್ಲ. ಬಾಕ್ಸು ಬದಲಿಸುವ ಉಪಾಯ ಯಾರಿಗೆ ಹೊಳೆಯಿತೋ ಅವರ ಹೆಸರು ಮೊದಲು ಬರಬೇಕಂತೆ. ಡೆನಿಸ್ ತನಗೆ ಎನ್ನುತ್ತಾನೆ, ಅದ್ದು ತನಗೆ ಎನ್ನುತ್ತಾನೆ. ನಿನ್ನೆ ಇಬ್ಬರೂ ಒಟ್ಟಿಗೆ ಅಂಗಡಿಗೆ ಬಂದು, ಗಿರಾಕಿಯ ಮೂಗಿನ ಮೇಲೆ ಗಾಜು ಇರುವಾಗಲೇ, "ಭಾವ, ನೀವು ಅಲ್ಲೇ ಇದ್ದವರಲ್ವಾ? ನೀವೇ ಹೇಳಿ" ಎಂದು ಪಟ್ಟು ಹಿಡಿದರು. ನಾನು ಅಲ್ಲಿರಲಿಲ್ಲ. ಚಹಾ ಮಾಡಿಸಲು ಮೇಲೆ ಹೋದವನು ಒಲೆಯ ಹತ್ತಿರ ನಿಂತು ಹಾಲನ್ನು ನೋಡುತ್ತಿದ್ದೆ. ಅದು ಮೊದಲು ಪಾತ್ರೆಯ ಅಂಚಿನಲ್ಲಿ ನಡುಗಿತು, ಆಮೇಲೆ ನಡುವಿನಿಂದ ಎದ್ದಿತು, ಲಿಲ್ಲಿ ಉರಿ ತಗ್ಗಿಸುವ ಮೊದಲೇ ಎಡಬದಿಯಿಂದ ಉಕ್ಕಿತು. ಅದರ ಬಗ್ಗೆ ನಾನು ಎಲ್ಲಿ ಬೇಕಾದರೂ ಸಾಕ್ಷಿ ಹೇಳಬಲ್ಲೆ. ಯಾರೂ ಕೇಳುವುದಿಲ್ಲ.