ಸೀರೆಗೆ ಹಚ್ಚಿದ ಚೀಟಿ

ಕಾನೂನು ಗೊತ್ತಿರುವ ಗಂಡನಿಗಿಂತ ಏನೂ ಗೊತ್ತಿಲ್ಲದ ಗಂಡನೇ ವಾಸಿ ಎನ್ನುತ್ತಾಳೆ ನನ್ನ ಹೆಂಡತಿ ಸುಮಿತ್ರಾ. ಈಗೀಗ ನನಗೂ ಹಾಗೇ ಅನಿಸುತ್ತಿದೆ. ಸಿಂದಗಿಯ ಹೈಸ್ಕೂಲಿನಲ್ಲಿ ಗ್ರಾಹಕರ ಹಕ್ಕಿನ ಪಾಠ ಮಾಡುವವನು ನಾನು. ಪಾಠ ಮಾಡಿ ಮನೆಗೆ ಬಂದಿದ್ದರೆ ಪೀಡೆಯೇ ಇರುತ್ತಿರಲಿಲ್ಲ. ಈ ಹಾಳು ನಾಲಿಗೆ ಸುಮ್ಮನಿರಬೇಕಲ್ಲ! ಗಿರಾಕಿಯ ಮುಖ ನೋಡಿ ದರ ಹೇಳುವ ಸೀರೆ ಅಂಗಡಿಯ ಮಲ್ಲಣ್ಣನ ಮುಂದೆ ನಿಂತು, "ಸರ್ಕಾರದ ಕಾನೂನು ಐತ್ರಿ. ದರ ಬರೆದು ಹಚ್ಚಬೇಕು, ಅದಕ್ಕಿಂತ ಹೆಚ್ಚಿಗಿ ತಗೊಳ್ಳಾಂಗಿಲ್ಲ" ಎಂದು ಗದರಿಸಿಬಿಟ್ಟೆ. ಪಾಪ, ಹೆದರಿದ ಮಲ್ಲಣ್ಣ ಒಂದೊಂದು ಸೀರೆಗೂ ಚೀಟಿ ಹಚ್ಚಿದ. ನಾನು ಕಾಲರ್ ಏರಿಸಿಕೊಂಡು ಓಡಾಡಿದೆ.

ಅಷ್ಟರಲ್ಲಿ ಮುದ್ದೇಬಿಹಾಳದಲ್ಲಿ ನಾದಿನಿಯ ಕುಬಸ ಬಂತು. ಬಸುರಿಗೆ ಹಸಿರು ಸೀರೆ ಉಡಿಸಿ ಉಡಿ ತುಂಬುವ ಕಾರ್ಯ. ನಮ್ಮ ಕಡೆ ಹೆಂಗಸರು ಆ ಸೀರೆಯ ಸೆರಗು ಮುಟ್ಟಿ ನೋಡಿ, "ಎಷ್ಟು ಹೇಳಿದ್ದ, ಎಷ್ಟಕ್ಕ ಕೊಟ್ಟ?" ಎಂದು ಕೇಳಿಯೇ ಕೇಳುತ್ತಾರೆ. ಎರಡರ ನಡುವೆ ಎಷ್ಟು ಅಂತರವೋ ತಂದವಳಿಗೆ ಅಷ್ಟು ಮರ್ಯಾದೆ. ಸುಮಿತ್ರಾ ಇದರಲ್ಲಿ ಎತ್ತಿದ ಕೈ. ಬಸವನ ಬಾಗೇವಾಡಿಯ ಬೀಗರೂ ಸೀರೆ ತರುವಾಗ ಅವಳನ್ನೇ ಕರೆದೊಯ್ಯುತ್ತಾರೆ.

ನನ್ನನ್ನೂ ಕರೆದುಕೊಂಡು ಮಲ್ಲಣ್ಣನ ಅಂಗಡಿಗೆ ಹೋದ ಅವಳು ಹಸಿರು ಸೀರೆಯೊಂದನ್ನು ಎಂದಿನಂತೆ ಅರ್ಧ ದರಕ್ಕೆ ಕೇಳಿದಳು. ಮಲ್ಲಣ್ಣ ಚೀಟಿ ತೋರಿಸಿದ. "ಬರೆದದ್ದೇ ದರ ಅಕ್ಕಾರ. ನಿಮ್ಮ ಮನಿಯವರೇ ಕಾನೂನು ಹೇಳ್ಯಾರ್ರಿ."

ಅವಳು ಸೆರಗು ಕೊಡವಿ ಎದ್ದು ಮೆಟ್ಟಿಲಿಳಿದಳು. ಆಗ ಅಂಗಡಿಯವ ಕೂಗಿ ಕರೆಯಬೇಕು, ಅದೇ ಪದ್ಧತಿ. ಮಲ್ಲಣ್ಣ ಕರೆಯುವುದು ಬಿಟ್ಟು ಸೀರೆ ಮಡಚತೊಡಗಿದ. ಬೀದಿಯಲ್ಲಿ ನಿಂತು ಅವಳು ನನ್ನತ್ತ ತಿರುಗಿ ನೋಡಿದಳು. ಆ ನೋಟ ಯಾವ ಗಂಡನಿಗೂ ಬೇಡಪ್ಪ! ತಂಗಿಯ ಕುಬಸದಲ್ಲಿ ಅವಳು ತಲೆ ತಗ್ಗಿಸಿದರೆ ನನ್ನ ಊಟ-ನಿದ್ದೆಯ ಗತಿ ಏನು?

"ಹೆಚ್ಚಿಗಿ ತಗೋಬ್ಯಾಡ ಅಂದೇನಿ ಮಾರಾಯಾ, ಕಡಿಮಿ ಮಾಡಬ್ಯಾಡ ಅಂದೇನೇನು?" ಎಂದು ಮಲ್ಲಣ್ಣನಲ್ಲಿ ಗೋಗರೆದೆ.

"ಅಕ್ಕಾರ ಜೋಡಿ ದರಕ್ಕ ಜಗ್ಗಾಡಾಕ ನನಗೂ ಆಸೆ ಐತ್ರಿ ಸರ. ಚೀಟಿ ಹಚ್ಚಿದಾಗಿಂದ ಅಂಗಡ್ಯಾಗ ಮಾತ ಇಲ್ಲ. ಆದ್ರ ನೀವು ಎದುರಿಗೆ ಕುಂತ್ರ ಬಾಯಿ ಬರಾಂಗಿಲ್ಲ. ಸ್ವಲ್ಪ ಹೊರಗ ಕುಂದರ್ರಿ."

ಸುಮಿತ್ರಾಳನ್ನು ಮತ್ತೆ ಒಳಗೆ ಕಳಿಸಿ ಹೊರಗೆ ಕುಳಿತೆ. ತುಸು ಹೊತ್ತಿಗೆ ಒಳಗಿನಿಂದ, "ಅಯ್ಯ, ಬಂಗಾರದ ಎಳಿ ಹಾಕಿ ನೇಯ್ದಾರೇನು ಇದನ್ನ?" ಎಂಬ ಸುಮಿತ್ರಾಳ ದನಿ ಕೇಳಿಸಿತು. ಹೋದ ಜೀವ ಬಂದಂತಾಯಿತು.

ನನ್ನ ವಿದ್ಯಾರ್ಥಿನಿಯೊಬ್ಬಳ ತಾಯಿ ಅಂಗಡಿಯ ಮುಂದೆ ನಿಂತು ಅನುಮಾನಿಸುತ್ತ ಕೇಳಿದರು: "ಸರ, ಇಲ್ಲಿ ಬರೆದದ್ದೇ ದರ ಅಂತಲ್ರಿ?"

ಅತ್ತಿತ್ತ ನೋಡಿ ಮೆಲ್ಲಗೆ ಹೇಳಿದೆ: "ಲಗೂನ ಒಳಗ ಹೋಗ್ರಿ ಬಾಯಾರ. ನಾ ಹೊರಗ ಕುಂತೇನಿ."