ಮಂತ್ರಾಕ್ಷತೆಯೂ ಕಳಚುವ ಸ್ಟೇರಿಂಗೂ

ವಸ್ತುವೊಂದನ್ನು ಪರೀಕ್ಷಿಸಿ ಆಯುವ ಕಲೆ ಗುರುಕೃಪೆಯಿಂದ ನನಗೆ ಒಲಿದಿದೆಯೆಂದು ನಾನು ನಂಬಿದ್ದೆ. ಬದನೆಕಾಯಿಯಿಂದ ಮೊದಲ್ಗೊಂಡು ಹಿರಿಯ ಅಳಿಯನವರೆಗೆ ನಾನು ಆಯ್ದ ಯಾವುದೂ ಈವರೆಗೆ ಹುಳುಕಾಗಿಲ್ಲ. ಆದ್ದರಿಂದ ಕಿರಿಯ ಮಗಳು ಮೇಧಾ ತನ್ನ ಪಂದ್ಯದ ಕಾರಿನ ಕೆಲಸವೊಂದನ್ನು ನನಗೆ ವಹಿಸಿದಾಗ, ಅದು ಯೋಗ್ಯರ ಕೈಗೇ ಬಂದಿದೆಯೆಂದು ಸಂತೋಷಪಟ್ಟೆ.

ಮೇಧಾ ಕುಮಟೆಯ ಬ್ಯಾಂಕಿನಲ್ಲಿ ಅಧಿಕಾರಿ. ಬಿಡುವಿನಲ್ಲಿ ಹಳೆಯ ಕಾರೊಂದರ ಸೀಟು, ಗಾಜು, ಅಲಂಕಾರಗಳನ್ನೆಲ್ಲ ಕಿತ್ತು, ಒಳಗೆ ಕಬ್ಬಿಣದ ಪೈಪುಗಳ ಪಂಜರ ಕಟ್ಟಿಸಿ, ಪಂದ್ಯದ ಟ್ರ್ಯಾಕಿನಲ್ಲಿ ಓಡಿಸುತ್ತಾಳೆ. ಅದಕ್ಕೀಗ ಕ್ವಿಕ್ ರಿಲೀಸ್ ಹಬ್ ಬೇಕಾಗಿತ್ತು. ಎಂದರೆ, ಸ್ಟೇರಿಂಗ್ ಚಕ್ರವನ್ನು ಕ್ಷಣಾರ್ಧದಲ್ಲಿ ಕಳಚಲು, ಮತ್ತೆ ತೊಡಿಸಲು ಅನುವಾಗುವಂತೆ, ಒಂದು ಭಾಗ ಚಕ್ರಕ್ಕೂ ಇನ್ನೊಂದು ಕಾರಿಗೂ ಕೂರುವ ಲೋಹದ ಜೋಡಿ.

"ಅಪ್ಪಯ್ಯ, ಭಟ್ಕಳದ ಇರ್ಫಾನ್ ಭಾಯ್ ಮೂರು ಹಬ್ ತರಿಸಿ ಇಟ್ಟಿದ್ದ. ಯಂಗೆ ರಜೆ ಇಲ್ಲೆ. ನೀನು ಹೋಗಿ ಅವ ಹೇಳಿದ್ದನ್ನ ತಗಂಡು ಬಾ. ಅಷ್ಟೇ. ಶನಿವಾರ ನಾಲ್ಕು ಗಂಟೆಗೆ ಕಾರನ್ನ ಪಂದ್ಯಕ್ಕೆ ಒಯ್ಯೋ ಲಾರಿ ಬತ್ತು. ಕಾರು ಹತ್ತದಿದ್ದರೆ ಯನ್ನ ಒಂದು ವರ್ಷದ ಅಭ್ಯಾಸ ನೀರಿಗೆ ಬಿದ್ದಂಗೆ!"

ಅಡುಗೆಮನೆಯಿಂದ ನನ್ನ ಪತ್ನಿ ಗೌರಿ ಕೂಗಿದಳು. "ಕೂಸೇ, 'ಅಷ್ಟೇ' ಅಂದ್ರೆ ನಿನ್ನಪ್ಪಯ್ಯಂಗೆ ಅರ್ಥ ಆಗ್ತಿಲ್ಲೆ. ಬರೆದು ಕೊಡು!"

ಈ ಮಾತನ್ನು ನಾನು ಉಪೇಕ್ಷಿಸಿದೆ.

ಇರ್ಫಾನನ ಲೇತ್ ಅಂಗಡಿಯಲ್ಲಿ ಮೂರು ಹಬ್‌ಗಳನ್ನೂ ಮೇಜಿನ ಮೇಲೆ ಇಡಿಸಿ, ಕನ್ನಡಕವನ್ನು ಒರೆಸಿಕೊಂಡು, ನನ್ನ ಮೂಲಭೂತ ಸಂಶಯವನ್ನು ಮುಂದಿಟ್ಟೆ. "ಸಾರಥಿಯ ಕೈಯಿಂದ ಹಗ್ಗ ಜಾರಬಾರದೆಂದು ಶಾಸ್ತ್ರ. ಸ್ಟೇರಿಂಗೇ ಕಳಚುವುದು ಯಾವ ನೀತಿ?"

"ಎಂತ ಮಾಸ್ತರ್ರೆ, ಆ ಪೈಪಿನ ಪಂಜರದಲ್ಲಿ ಸ್ಟೇರಿಂಗ್ ಅಡ್ಡ ಇದ್ರೆ ಹೊರಗೆ ಬರೂಕೇ ಆಗೂದಿಲ್ಲ. ಏನಾದ್ರೂ ಹೆಚ್ಚುಕಮ್ಮಿ ಆದ್ರೆ ಚಕ್ರ ಕಿತ್ತು ಬಿಸಾಡಿ ಹಾರ್ಬೇಕು."

ಸಮಾಧಾನ ಯುಕ್ತವಾಗಿತ್ತು. ಪರೀಕ್ಷೆಗೆ ತೊಡಗಿದೆ. ಮೊದಲನೆಯದನ್ನು ಜೋಡಿಸಿ ಅಲ್ಲಾಡಿಸಿದಾಗ ಸಡಿಲ ಹಲ್ಲಿನಂತೆ ಗಿಲಗಿಲ ಎಂದಿತು. ತಿರಸ್ಕರಿಸಿದೆ. ಉಳಿದೆರಡೂ ಬಂಡೆಯಂತೆ ಅಚಲ. ಒಂದಕ್ಕೆ ರಬ್ಬರಿನ ಮುಸುಕು. ಇನ್ನೊಂದು ತೆರೆದದ್ದು, ಒಳಗಿನ ಪುಟ್ಟ ಉಕ್ಕಿನ ಗುಂಡುಗಳು ನವರತ್ನದಂತೆ ಹೊಳೆಯುತ್ತಿದ್ದವು.

"ಮುಸುಕಿಂದೇ ಒಯ್ಯಿರಿ ಮಾಸ್ತರ್ರೆ. ತೆರೆದಿದ್ದಕ್ಕೆ ಕಸ ಹೋಗ್ತದೆ. ಗುಂಡು ಸರಿ ಕೂರೂದಿಲ್ಲ, ಚಕ್ರ ಕಳಚ್ತದೆ."

"ಇರ್ಫಾನ್, ಮುಚ್ಚಿಟ್ಟಿದ್ದರಲ್ಲಿ ದೋಷವನ್ನು ಕಾಣುವುದು ಹೇಗೆ? ಪ್ರತ್ಯಕ್ಷವೇ ಮೊದಲ ಪ್ರಮಾಣ. ನಮ್ಮ ಮನೆಯಲ್ಲಿ ದಿನಕ್ಕೆ ಎರಡು ಬಾರಿ ಗುಡಿಸುತ್ತಾರೆ. ಕಸವೆಲ್ಲಿಂದ ಬಂದೀತು?"

ಅವನು ತೆರೆದದ್ದನ್ನೇ ಕಾಗದದಲ್ಲಿ ಸುತ್ತಿಕೊಟ್ಟ. "ಆತು. ತೊಡಿಸುವಾಗ 'ಟಕ್' ಅನ್ಬೇಕು. ಆಮೇಲೆ ಒಮ್ಮೆ ಜೋರಾಗಿ ಎಳೆದು ನೋಡ್ಬೇಕು. ಇದು ಮಾತ್ರ ಮರೀಬೇಡಿ!"

ಮರುದಿನ ಮೇಧಾ ಅದನ್ನು ಕಾರಿಗೆ ಕೂರಿಸಿದಳು. "ಮುಸುಕಿಂದು ಸಿಕ್ಕಿದ್ದಿಲ್ಯಾ?" ಎಂದು ಕೇಳಿದಳಾದರೂ, ಹತ್ತು ಬಾರಿ ಟಕ್ಕೆಂದದ್ದನ್ನು ಕೇಳಿ ಒಪ್ಪಿಕೊಂಡಳು. ಕೆಲಸ ಅಲ್ಲಿಗೇ ಮುಗಿಯಬೇಕಿತ್ತು. ಆದರೆ ಪೂಜೆಯಾಗದ ವಾಹನ ಮನೆಯಿಂದ ಹೊರಡುವುದುಂಟೆ? ಆ ಕಾರು ರಸ್ತೆಗೆ ಇಳಿಯುವಂತಿಲ್ಲ. ಧಾರೇಶ್ವರದ ದೇವಸ್ಥಾನಕ್ಕೆ ಒಯ್ಯುವುದು ಅಸಾಧ್ಯ. ಆಗ ನನಗೊಂದು ದಿವ್ಯವಾದ ಯೋಚನೆ ಹೊಳೆಯಿತು. ಸ್ಟೇರಿಂಗೇ ಕಳಚಿ ಬರುತ್ತದಲ್ಲ! ದೇಹಕ್ಕೆ ಶಿರಸ್ಸು ಹೇಗೋ ಕಾರಿಗೆ ಸ್ಟೇರಿಂಗ್ ಹಾಗೆ. ಶಿರಸ್ಸಿಗೆ ಪೂಜೆಯಾದರೆ ಸರ್ವಾಂಗಕ್ಕೂ ಆದಂತೆ.

ಶನಿವಾರ ಬೆಳಿಗ್ಗೆ ಮೇಧಾ ಅರ್ಧ ದಿನದ ಮಟ್ಟಿಗೆ ಬ್ಯಾಂಕಿಗೆ ಹೋದೊಡನೆ ಮಡಿಪಂಚೆಯುಟ್ಟು, ಸ್ಟೇರಿಂಗನ್ನು ಎದೆಗವಚಿಕೊಂಡು ಹೊನ್ನಾವರದಲ್ಲಿ ಬಸ್ಸು ಹತ್ತಿದೆ.

ಕಂಡಕ್ಟರ್ ನನ್ನನ್ನೂ ಚಕ್ರವನ್ನೂ ನೋಡಿ ಕೈಮುಗಿದ. "ಮಾಸ್ತರ್ರೆ, ನಮ್ಮ ಡ್ರೈವರ್ ಹತ್ರ ಒಂದು ಉಂಟು. ನೀವು ಎಂತಕ್ಕೆ ತೊಂದ್ರೆ ತಗಂಡ್ರಿ?"

ಇಡೀ ಬಸ್ಸು ನಕ್ಕಿತು. ಶ್ರದ್ಧಾವಂತನಿಗೆ ಇಂಥ ಪರೀಕ್ಷೆಗಳು ಸಹಜ.

ದೇವಸ್ಥಾನದಲ್ಲಿ ಚಕ್ರವನ್ನು ಬೋರಲಾಗಿ ಇರಿಸಿದೆ. ಕಾರಣವಿತ್ತು. ಹಬ್ ಹಿಂಬದಿಯಲ್ಲಿದೆ, ನಾನೇ ಆಯ್ದ ಆ ಭಾಗಕ್ಕೆ ಅಗ್ರಪೂಜೆ ಸಲ್ಲಬೇಕಲ್ಲವೆ? ಮೇಲ್ಮುಖವಾದ ಹಬ್ ಪಂಚಪಾತ್ರೆಯಂತೆಯೇ ಕಾಣುತ್ತಿತ್ತು. ಭಟ್ಟರೂ ಹಾಗೆಯೇ ಭಾವಿಸಿರಬೇಕು. ಗಂಧ, ತೀರ್ಥ, ಹೂವು, ಕೊನೆಗೆ ಧಾರಾಳವಾಗಿ ಒಂದು ಹಿಡಿ ಮಂತ್ರಾಕ್ಷತೆ, ಎಲ್ಲವನ್ನೂ ಅದರೊಳಗೇ ಸಮರ್ಪಿಸಿದರು. ನಾನು ಧನ್ಯನಾದೆ!

ಮನೆಗೆ ಬಂದು ಹೂವನ್ನು ತೆಗೆದು, ಚಕ್ರವನ್ನು ಸ್ವಸ್ಥಾನದಲ್ಲಿ ಒತ್ತಿದೆ. 'ಟಕ್' ಎನ್ನಲಿಲ್ಲ. 'ಮ್ಚ್' ಎಂದಿತು. ಪೂಜೆಯಿಂದ ವಸ್ತುವಿನ ಸ್ವಭಾವ ಮೃದುವಾಗಿರಬೇಕೆಂದು ಊಹಿಸಿದೆ. ಜೋರಾಗಿ ಎಳೆದು ನೋಡಬೇಕೆಂಬ ಇರ್ಫಾನನ ಮಾತು ನೆನಪಾಯಿತು, ನಿಜ. ಆದರೆ ಈಗಷ್ಟೇ ದೇವರ ಮುಂದಿದ್ದು ಬಂದದ್ದನ್ನು ಹಿಡಿದು ಜಗ್ಗುವುದೆ? ಅಪಚಾರ!

ನಾಲ್ಕು ಗಂಟೆಗೆ ಲಾರಿ ಬಂತು. ಎರಡು ಹಲಗೆ ಇಳಿಬಿಟ್ಟರು. ಮೇಧಾ ಲಾರಿಯ ಮೇಲೆ ನಿಂತು ದಿಕ್ಕು ಹೇಳುವುದು, ಡ್ರೈವರ್ ಕ್ಲೀನರ್ ಇಬ್ಬರೂ ಹಿಂದಿನಿಂದ ತಳ್ಳುವುದು. ಸ್ಟೇರಿಂಗ್ ಹಿಡಿಯಲು ಒಬ್ಬರು ಬೇಕು.

"ನಾನಿಲ್ಲವೆ?" ಎಂದೆ. ಪೈಪುಗಳ ನಡುವೆ ಪಂಚೆ ಎರಡು ಕಡೆ ಸಿಕ್ಕಿಕೊಂಡರೂ ಆಸನವನ್ನು ಅಲಂಕರಿಸಿದೆ.

ತಳ್ಳಿದರು. ಕಾರು ಚಲಿಸಿತು.

"ಅಪ್ಪಯ್ಯ, ಚೂರು ಬಲಕ್ಕೆ ತಿರುಗ್ಸು!"

"ತಿರುಗಿಸಿದೆ!"

"ಇನ್ನೂ! ಬಲಕ್ಕೆ! ಬಲಕ್ಕೆ!"

ನಾನು ಪೂರ್ತಿ ತಿರುಗಿಸಿದೆ. ಚಕ್ರವೂ ವಿನಯದಿಂದ ಪೂರ್ತಿ ತಿರುಗಿತು. ಕಾರು ಮಾತ್ರ ತಿರುಗಲಿಲ್ಲ. ಅಷ್ಟು ಸುಲಭವಾಗಿ ತಿರುಗುತ್ತಿದೆಯೇಕೆಂದು ನೋಡಿದರೆ, ಚಕ್ರ ನನ್ನ ಮಡಿಲಲ್ಲಿತ್ತು!

"ನೋಡ್ರಾ, ನಿಮ್ಮ ಕೈಲಿ ಸ್ಟೇರಿಂಗು!" ಎಂದು ಗೌರಿ ಚೀರಿದಳು. ಆ ವಿಷಯ ನನಗಾಗಲೇ ತಿಳಿದಿತ್ತು. ಬ್ರೇಕು ಒತ್ತಲು ಹೋದರೆ ಕಾಲಿಗೂ ಬ್ರೇಕಿಗೂ ನಡುವೆ ಪಂಚೆ. ಕಾರು ಹಲಗೆಯನ್ನು ಬಿಟ್ಟು, ಅಂಗಳವನ್ನು ದಾಟಿ, ಗೌರಿ ಮಕ್ಕಳಂತೆ ಸಾಕಿದ್ದ ಬಸಳೆ ಚಪ್ಪರದೊಳಗೆ ಸಾವಧಾನವಾಗಿ ಪ್ರವೇಶಿಸಿತು. ಚಪ್ಪರ ಮೇಲಿನಿಂದ ಆಶೀರ್ವದಿಸಿತು.

ಇಲ್ಲೊಂದು ಮಾತು ಹೇಳಲೇಬೇಕು. ಸ್ಟೇರಿಂಗ್ ಅಡ್ಡವಿಲ್ಲದ ಕಾರಣ ನಾನು ಆ ಪಂಜರದಿಂದ ಅತ್ಯಂತ ತ್ವರಿತವಾಗಿ ಹೊರಬಂದೆ. ಹಬ್ ತನ್ನ ಕರ್ತವ್ಯವನ್ನು ಮಾಡಿತು! ಇದನ್ನು ಮಗಳಿಗೆ ವಿವರಿಸಲೆಂದು ಬಾಯಿ ತೆರೆದೆ. ಅಷ್ಟರಲ್ಲಿ ಅವಳು ನನ್ನ ಕೈಯಿಂದ ಚಕ್ರವನ್ನು ಕಿತ್ತುಕೊಂಡಳು.

ಮೇಧಾ ಚಕ್ರವನ್ನು ತಿರುವಿ ನೋಡಿದಳು. ಒಣಗಿದ ಗಂಧದ ಅಂಟಿನಲ್ಲಿ ಅಕ್ಷತೆಯ ಕಾಳುಗಳು ಗುಂಡುಗಳ ನಡುನಡುವೆ ಸಾಲಾಗಿ ಕುಳಿತಿದ್ದವು.

"ಅಪ್ಪಯ್ಯ... ಇದೆಂತದು?"

"ಧಾರೇಶ್ವರದ ಪ್ರಸಾದ."

ಲಾರಿ ಡ್ರೈವರ್ ಗಡಿಯಾರ ನೋಡಿದ. "ಅಮ್ಮಾ, ಐದಕ್ಕೆ ನಾನು ಹೊರಟೆ. ಕಾರು ಹತ್ಲಿ, ಬಿಡ್ಲಿ."

ಮೇಧಾ ಇರ್ಫಾನನಿಗೆ ಫೋನು ಹಚ್ಚಿ ಸ್ಪೀಕರ್ ಹಾಕಿದಳು. ಗುಂಡುಗಳ ನಡುವೆ ಅಕ್ಷತೆ ಕುಳಿತದ್ದನ್ನು ಹೇಳಿದಳು. ಆ ಕಡೆಯಿಂದ, "ಅಕ್ಕಿಯಾ? ಬೇಯಿಸಿದ್ದಾ, ಹಸೀದಾ?"

ಹಸಿಯದೆಂದು ತಿಳಿದ ಮೇಲೆ ಪೆಟ್ರೋಲಿನಲ್ಲಿ ತೊಳೆದು ಸೂಜಿಯಿಂದ ತೆಗೆಯಲು ಹೇಳಿದ. ಮುರಿದ ಚಪ್ಪರದ ಪಕ್ಕದಲ್ಲಿ ಕುಳಿತು ಗೌರಿ ಹೊಲಿಗೆಯ ಸೂಜಿಯಿಂದ ಒಂದೊಂದೇ ಕಾಳನ್ನು ಎಬ್ಬಿಸಿದಳು. ನಾನು ಅವು ನೆಲಕ್ಕೆ ಬೀಳದಂತೆ ಬಾಳೆಯೆಲೆ ಹಿಡಿದೆ. ಹದಿನೇಳು ಕಾಳು. ಅಷ್ಟರಲ್ಲಿ ಡ್ರೈವರ್ ಕ್ಲೀನರ್ ಇಬ್ಬರೂ ಕಾರನ್ನು ಚಪ್ಪರದಿಂದ ಎಳೆದು ಹಲಗೆಯ ಮುಂದೆ ನಿಲ್ಲಿಸಿದರು. ಐದಕ್ಕೆ ಐದು ನಿಮಿಷವಿರುವಾಗ 'ಟಕ್' ಎಂದಿತು. ಮೇಧಾ ಜೋರಾಗಿ ಎಳೆದಳು. ಮತ್ತೊಮ್ಮೆ ಎಳೆದಳು. ಅಲ್ಲಾಡಲಿಲ್ಲ. ಈ ಬಾರಿ ಗೌರಿ ಸ್ಟೇರಿಂಗ್ ಹಿಡಿದಳು. ಕಾರು ಲಾರಿಯನ್ನು ನೇರವಾಗಿ ಏರಿತು.

ಹೊರಡುವಾಗ ಮಗಳು ನಮಸ್ಕರಿಸಿದಳು. ನಾನು ಅಭ್ಯಾಸಬಲದಿಂದ ಅಕ್ಷತೆಯ ಬಟ್ಟಲಿಗೆ ಕೈಹಾಕಿದೆ.

"ಬ್ಯಾಡ!" ಎಂದು ತಾಯಿಮಗಳಿಬ್ಬರೂ ಒಟ್ಟಿಗೇ ಕೂಗಿದರು. ಬರಿಗೈಯಿಂದ ಹರಸಿದೆ.

ಮೇಧಾ ಮೂರನೆಯ ಸ್ಥಾನ ಗಳಿಸಿ ಬಂದಳು. ಮನೆಯಲ್ಲಿ ಬಸಳೆ ಸಾರಿಲ್ಲದೆ ತಿಂಗಳಾಯಿತು. ಮೊನ್ನೆ ಭಟ್ಕಳಕ್ಕೆ ಹೋದಾಗ ಇರ್ಫಾನನ ಅಂಗಡಿಯಲ್ಲಿ ಯಾರೋ ಹಬ್ ಕೊಳ್ಳಲು ಬಂದಿದ್ದರು. ಯಾವುದು ಒಳ್ಳೆಯದೆಂದು ಅವರು ವಿಚಾರಿಸುತ್ತಿರಲು ನಾನು ಸಲಹೆ ಕೊಡಲು ಸಿದ್ಧನಾದೆ. ನಾನು ಬಾಗಿಲಲ್ಲಿದ್ದುದನ್ನು ಕಾಣದೆ ಇರ್ಫಾನ್ ಬಲು ಗಂಭೀರವಾಗಿ ಅವರನ್ನು ಕೇಳಿದ.

"ಅಳತೆ ಆಮೇಲೆ ನೋಡುವಾ. ಮನೇಲಿ ಪೂಜೆ ಮಾಡೂ ಹಿರಿಯರು ಯಾರಾದ್ರೂ ಇದ್ದಾರಾ? ಇದ್ರೆ ಮುಸುಕಿಂದೇ ತಗಣಿ."